ನಿನ್ನ ಸರದಿ

ನನ್ನ ಭಾವನವರ ಮಗ ರವಿಗೆ ಐವತ್ತು ವರ್ಷ, ನನಗೆ ಐವತ್ತೈದು. ಆದರೂ ಅವನಿಗೆ ನಾನು ಚಿಕ್ಕಮ್ಮ. ತಲೆ ನರೆತ ಗಂಡಸೊಬ್ಬ ಅಮೆರಿಕದ ನಾಲಿಗೆಯಲ್ಲಿ 'ಚಿಕ್ಕಮ್ಮಾ' ಎಂದು ರಾಗ ಎಳೆದು ಕರೆದರೆ ನಗು ಬಾರದೆ ಇದ್ದೀತೆ? ನಮ್ಮವರು ಮನೆಗೆ ಕೊನೆಯವರು, ಭಾವ ಮೊದಲನೆಯವರು. ನಡುವೆ ಹದಿನಾರು ವರ್ಷದ ಅಂತರ. ಸಾಗರದ ಹಳ್ಳಿಮನೆ ಬಿಟ್ಟು 1974ರಲ್ಲಿ ನ್ಯೂಜೆರ್ಸಿಗೆ ಹೋದ ಭಾವ ಕಳೆದ ಚಳಿಗಾಲದಲ್ಲಿ ಅಲ್ಲೇ ತೀರಿಕೊಂಡರು. ಶಾಲೆಗೆ ಬೇಸಿಗೆ ರಜೆ ಬಂದ ಕೂಡಲೇ ನಾವಿಬ್ಬರೂ ಹೋದೆವು. ಅಕ್ಕ ಮನೆ ಮಾರಿ ಮಗನ ಜೊತೆ ಇರಲು ಹೊರಟಿದ್ದರು. ಅಷ್ಟು ವರ್ಷದ ಸಾಮಾನನ್ನು ಮೂರು ರಾಶಿ ಮಾಡಬೇಕಿತ್ತು. ಇಟ್ಟುಕೊಳ್ಳುವುದು ಒಂದು, ಯಾರಿಗಾದರೂ ಕೊಡುವುದು ಒಂದು, ಎಸೆಯುವುದು ಒಂದು.

ನಮ್ಮವರು ಅಣ್ಣನ ಕಾಗದಪತ್ರಗಳನ್ನು ನೋಡುತ್ತೇನೆಂದು ಮೇಲೆ ಕುಳಿತವರು ಎದ್ದು ಬರಲೇ ಇಲ್ಲ. ಕೆಳಗೆ ಬೇಸ್‌ಮೆಂಟಿನ ಕೆಲಸ ನನಗೂ ರವಿಗೂ ಬಿತ್ತು. ಹಳೆಯ ಡಬ್ಬಾ ಟಿವಿಯ ಪಕ್ಕದ ರಟ್ಟಿನ ಪೆಟ್ಟಿಗೆಯಲ್ಲಿ ಕಪ್ಪು ಯಂತ್ರವೊಂದು ಸಿಕ್ಕಿತು. ಮುಂಭಾಗಕ್ಕೆ ಮರದ ಬಣ್ಣದ ಪಟ್ಟಿ. ಜೊತೆಗೆ ಕೆಂಪು ಗುಂಡಿಯ ಎರಡು ಜಾಯ್‌ಸ್ಟಿಕ್ಕುಗಳು. ಏಳೆಂಟು ಕಾರ್ಟ್ರಿಜ್‌ಗಳೂ ಇದ್ದವು. "ಇದು ಎಸೆಯೋ ರಾಶಿಗೆ ತಾನೆ?" ಎಂದೆ. ರವಿ ಮಾತಾಡದೆ ಒಂದು ಕಾರ್ಟ್ರಿಜ್ ಎತ್ತಿಕೊಂಡು, ಅಂಗಿಯ ತುದಿಯಿಂದ ಧೂಳು ಒರೆಸಿದ. "ಇದು ಪ್ಯಾಕ್‌ಮನ್, ಚಿಕ್ಕಮ್ಮಾ. ಜಗತ್ತಿನಲ್ಲಿ ಎಲ್ಲರೂ ಬಯ್ಯುವ ಪ್ಯಾಕ್‌ಮನ್."

ಆಟದ ಹೆಸರು ನನಗೂ ಗೊತ್ತಿತ್ತು. ಗುಂಡಗಿನ ಹಳದಿ ಮೂತಿಯೊಂದು ಬಾಯಿ ತೆರೆದು ಮುಚ್ಚುತ್ತ ಚಕ್ರವ್ಯೂಹದೊಳಗೆ ಚುಕ್ಕಿಗಳನ್ನು ತಿನ್ನುತ್ತ ಹೋಗುತ್ತದೆ. ನಾಲ್ಕು ದೆವ್ವಗಳು ಅಟ್ಟಿಸಿಕೊಂಡು ಬರುತ್ತವೆ. ಅದನ್ನು ಮಾಡಿದವರು ಜಪಾನಿನ ನಾಮ್ಕೊ ಕಂಪನಿಯ ತೋರು ಇವಾತಾನಿ. ಆಟ 1980ರಲ್ಲಿ ಬಂದಾಗ ಅವರಿಗೆ ಇಪ್ಪತ್ತೈದರ ವಯಸ್ಸು. ಆಟದಂಗಡಿಗಳಲ್ಲಿ ಎಲ್ಲಿ ನೋಡಿದರೂ ಗುಂಡು ಹಾರಿಸುವ ಆಟಗಳೇ ಇವೆ, ಹೆಣ್ಣುಮಕ್ಕಳು ಒಳಗೆ ಬರಬೇಕಾದರೆ ಬೇರೆ ಏನಾದರೂ ಬೇಕು ಎಂದು ಯೋಚಿಸಿ ತಿನ್ನುವ ಆಟ ಮಾಡಿದರಂತೆ. ಹೆಣ್ಣೆಂದರೆ ತಿಂಡಿ ಎಂದು ಅವರು ತಿಳಿದದ್ದಕ್ಕೆ ಕೋಪ ಬರಬೇಕಿತ್ತು, ನನಗೆ ಬರಲಿಲ್ಲ. ಒಂದು ತುಂಡು ತೆಗೆದ ಪಿಜ್ಜಾವನ್ನು ನೋಡಿ ಆ ಮೂತಿ ಹೊಳೆಯಿತೆಂದು ಅವರೇ ಹೇಳಿದ್ದಾರೆ. ದೆವ್ವಗಳಿಗೂ ಒಂದೊಂದು ಬಣ್ಣ ಕೊಟ್ಟು ಒಂದೊಂದು ಸ್ವಭಾವ ಇಟ್ಟರು. ಒಂದು ನೇರ ಬೆನ್ನು ಹತ್ತಿದರೆ ಇನ್ನೊಂದು ಮುಂದೆ ಹೋಗಿ ಅಡ್ಡ ಹಾಕಲು ನೋಡುತ್ತದೆ. ನನ್ನ ಒಂಬತ್ತನೆಯ ತರಗತಿಯ ಹುಡುಗರ ಹಾಗೆಯೇ ಅನ್ನಿ.

ರವಿಯ ಊರಿನ ಪಿಜ್ಜಾ ಅಂಗಡಿಯಲ್ಲಿ ಆ ಯಂತ್ರವಿತ್ತಂತೆ. ಒಂದು ಆಟಕ್ಕೆ ಇಪ್ಪತ್ತೈದು ಸೆಂಟಿನ ಒಂದು ನಾಣ್ಯ. ಭಾವ ನಾಣ್ಯ ಕೊಡುತ್ತಿರಲಿಲ್ಲ. ಸಾಗರಕ್ಕೆ ತಿಂಗಳು ತಿಂಗಳು ಹಣ ಹೋಗಬೇಕಿತ್ತು. ಮನೆಯ ಹಂಚು, ನಾದಿನಿಯ ಮದುವೆ, ಕೊನೆಯ ತಮ್ಮನ ಹಾಸ್ಟೆಲ್ಲು ಎಲ್ಲ ಅದರಲ್ಲೇ. ಆ ಕೊನೆಯ ತಮ್ಮನ ಹೆಂಡತಿ ನಾನು. ಏಳು ವರ್ಷದ ಹುಡುಗ ಬೇರೆ ಮಕ್ಕಳ ಹೆಗಲ ಸಂದಿಯಲ್ಲಿ ಇಣುಕಿ ಆಟ ನೋಡುತ್ತಿದ್ದುದು ಯಾರಿಗೋಸ್ಕರ ಎಂದು ಅಷ್ಟು ದಿನ ನನಗೆ ಗೊತ್ತಿರಲಿಲ್ಲ.

ಅಟಾರಿ ಕಂಪನಿ 1982ರಲ್ಲಿ ಅದೇ ಆಟವನ್ನು ಮನೆಯ ಯಂತ್ರಕ್ಕೆ ತಂದಿತು. ಆ ವರ್ಷ ರವಿಯ ಹುಟ್ಟುಹಬ್ಬಕ್ಕೆ ಭಾವ ಅದನ್ನು ಕೊಂಡು ತಂದರು. ಒಮ್ಮೆ ಕೊಟ್ಟರೆ ಆಯಿತು, ಮತ್ತೆ ನಾಣ್ಯದ ಗೊಡವೆ ಇಲ್ಲ ಎಂಬ ಲೆಕ್ಕ.

ರವಿ ಕಾರ್ಟ್ರಿಜ್ ತುರುಕಿ ಟಿವಿ ಹಾಕಿದ. ಎರಡು ಸಲ ತೆಗೆದು ಹಾಕಿದ ಮೇಲೆ ಚಿತ್ರ ಬಂತು. ನೀಲಿ ನೆಲ, ಕಿತ್ತಳೆ ಬಣ್ಣದ ಗೋಡೆ. ಚುಕ್ಕಿಗಳ ಜಾಗದಲ್ಲಿ ಗೀಟುಗಳು. ಹಣ್ಣು ಬರಬೇಕಾದ ಕಡೆ ಒಂದು ಚೌಕ. ಮೂತಿ ಮೇಲಕ್ಕೆ ಹೋಗುವಾಗಲೂ ಪಕ್ಕಕ್ಕೇ ತಿರುಗಿರುತ್ತದೆ. ದೆವ್ವಗಳ ಬಣ್ಣದಲ್ಲಂತೂ ವ್ಯತ್ಯಾಸವೇ ಕಾಣುವುದಿಲ್ಲ. ಎಲ್ಲವೂ ಮಂಕಾಗಿ, ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಮಿಣಮಿಣ ಎನ್ನುತ್ತವೆ. ಮೂಲವನ್ನು ಚಿತ್ರದಲ್ಲಿ ಮಾತ್ರ ಕಂಡ ನನಗೇ ಛೆ ಅನಿಸಿತು.

"ಯಾಕೆ ಹೀಗೆ ಮಾಡಿದರು?" ಎಂದು ಕೇಳಿದೆ. ರವಿಯ ಕೆಲಸ ಕಂಪ್ಯೂಟರಿನದೇ. ಮೇಷ್ಟರ ಹಾಗೆ ಬಿಡಿಸಿ ಹೇಳಿದ. ಆ ಯಂತ್ರ ಬಂದದ್ದು 1977ರಲ್ಲಿ. ಅದರ ಕೆಲಸದ ಸ್ಮರಣೆ 128 ಬೈಟ್. ಈಗಿನ ಫೋನಿನಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೆ ಮೂರು ಬೈಟ್ ಬೇಕು ಎಂದೂ ಅವನೇ ಹೇಳಿದ. ಲೆಕ್ಕ ಹಾಕಿದರೆ ನಲವತ್ತೆರಡು ಚಿಹ್ನೆ. ನಾನು ಹಾಜರಿ ಪುಸ್ತಕದಲ್ಲಿ ಬರೆಯುವ ಷರಾ ಕೂಡ ಅದಕ್ಕಿಂತ ಉದ್ದ. ಪೂರ್ತಿ ಚಿತ್ರವನ್ನು ನೆನಪಿಟ್ಟುಕೊಳ್ಳಲು ಅದಕ್ಕೆ ಜಾಗವೇ ಇಲ್ಲ. ಟಿವಿ ಪರದೆಯ ಮೇಲೆ ಗೆರೆ ಮೂಡುತ್ತ ಮೂಡುತ್ತಲೇ ಮುಂದೇನು ಎಂದು ಹೇಳುತ್ತ ಹೋಗಬೇಕು. ಇಬ್ಬರು ಆಟಗಾರರು, ಅವರ ಗುಂಡುಗಳು, ಒಂದು ಚೆಂಡು ಎಂಬ ಲೆಕ್ಕದಲ್ಲಿ ಮಾಡಿದ ಯಂತ್ರ ಅದು. ಅಂದರೆ ಓಡಾಡುವ ಗೊಂಬೆಗಳು ಎರಡೇ. ಪ್ಯಾಕ್‌ಮನ್‌ಗೆ ಐದು ಬೇಕು!

ಇದು ನನಗೆ ಚೆನ್ನಾಗಿ ಅರ್ಥವಾಯಿತು. ಹೆಗ್ಗೋಡಿನಲ್ಲಿ ನೋಡಿಬಂದ ನಾಟಕವನ್ನು ಉತ್ಸಾಹದಿಂದ ಶಾಲಾ ವಾರ್ಷಿಕೋತ್ಸವಕ್ಕೆ ಎತ್ತಿಕೊಂಡು ಒಮ್ಮೆ ನಾನೂ ಬವಣೆ ಪಟ್ಟವಳೇ. ಮಾತು ನೆಟ್ಟಗೆ ಬರುವ ಹುಡುಗಿಯರು ಇಬ್ಬರು, ಪಾತ್ರ ಆರು. ಒಬ್ಬಳನ್ನೇ ಶಾಲು ಬದಲಾಯಿಸಿ ನಾಲ್ಕು ಸಲ ಒಳಗೆ ಹೊರಗೆ ಓಡಿಸಿದೆ. ಟಾಡ್ ಫ್ರೈ ಎಂಬ ಕ್ರಮವಿಧಿಕಾರ ಇಲ್ಲಿ ಮಾಡಿದ್ದೂ ಅದನ್ನೇ. ಒಂದು ಗೊಂಬೆ ಪ್ಯಾಕ್‌ಮನ್‌ಗೆ ಕೊಟ್ಟು, ಇನ್ನೊಂದನ್ನು ನಾಲ್ಕು ದೆವ್ವಗಳಿಗೂ ಸರದಿಯಲ್ಲಿ ಹಂಚಿದ. ಟಿವಿ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬರೆದರೆ ಒಂದು ದೆವ್ವದ ಪಾಲಿಗೆ ಬರುವುದು ಹದಿನೈದು. ಅದೇ ಆ ಮಿಣುಕು.

ಪತ್ರಿಕೆಗಳು ಬೈದವು. ಆದರೂ 70 ಲಕ್ಷಕ್ಕೂ ಹೆಚ್ಚು ಕಾರ್ಟ್ರಿಜ್ ಮಾರಾಟವಾಗಿ, ಆ ಯಂತ್ರಕ್ಕೆ ಬಂದ ಆಟಗಳಲ್ಲೇ ಇದು ಮೊದಲ ಸ್ಥಾನದಲ್ಲಿ ನಿಂತಿತು. 1983ರಲ್ಲಿ ಅಮೆರಿಕದ ವಿಡಿಯೋ ಗೇಮ್ ವ್ಯಾಪಾರ ನೆಲ ಕಚ್ಚಿದಾಗ ಕಂಪನಿ ಮಾರಾಟವಾಗದ ಸರಕನ್ನು ನ್ಯೂಮೆಕ್ಸಿಕೊದ ಅಲಮೊಗೋರ್ಡೊದಲ್ಲಿ ಹೂತುಬಿಟ್ಟಿತು. 2014ರಲ್ಲಿ ಅದನ್ನು ಅಗೆದಾಗ ಇ.ಟಿ. ಎಂಬ ಇನ್ನೊಂದು ಸೋತ ಆಟದ ಜೊತೆ ಪ್ಯಾಕ್‌ಮನ್ ಕೂಡ ಹೊರಗೆ ಬಂತು. ಯಂತ್ರದ ಕೊರತೆಯೊಂದನ್ನೇ ದೂರುವಂತೆಯೂ ಇಲ್ಲ. ಸ್ವಲ್ಪ ಕಾಲದ ನಂತರ ಅದೇ ಯಂತ್ರಕ್ಕೆ ಬಂದ ಮಿಸ್ ಪ್ಯಾಕ್‌ಮನ್ ಎಷ್ಟೋ ಚೆನ್ನಾಗಿತ್ತು. ಅದರ ಕಾರ್ಟ್ರಿಜ್ 8 ಕಿಲೋಬೈಟಿನದು, ಇದು 4ರದು.

"ನಿನಗೆ ಬೇಸರವಾಗಲಿಲ್ಲವೇನೋ?"

"ಅಳು ಬಂತು. ಆದರೆ ಅಪ್ಪ ಪಕ್ಕದಲ್ಲೇ ನಿಂತಿದ್ದರು. 'ಹೇಗಿದೆಯೋ?' ಅಂದರು. 'ಚೆನ್ನಾಗಿದೆ' ಅಂದೆ."

ಮಗನ ಮಾತನ್ನು ಭಾವ ನಂಬಿದರು. ನಂಬಿ, ಷೂ ಬಿಚ್ಚಿ ಪಕ್ಕದಲ್ಲಿ ಕುಳಿತು ಎರಡನೆಯ ಜಾಯ್‌ಸ್ಟಿಕ್ ಹಿಡಿದರು. ಅಂಗಡಿಯ ಯಂತ್ರದ ಕಡೆ ಅವರು ಯಾವತ್ತೂ ನೋಡಿದವರಲ್ಲ. ಪ್ಯಾಕ್‌ಮನ್ ಎಂದರೆ ಅವರಿಗೆ ಇದೇ. ದಿನಾ ಊಟವಾದ ಮೇಲೆ ಅರ್ಧ ಗಂಟೆ ಅಪ್ಪ ಮಗ ಆಡುತ್ತಿದ್ದರು. ಆಫೀಸಿನ ವಿಷಯವಾಗಲಿ ಊರಿನ ವಿಷಯವಾಗಲಿ ಮನೆಯಲ್ಲಿ ಆಡದ ಮನುಷ್ಯ ದೆವ್ವ ಬಂದರೆ "ಅಯ್ಯೋ ಅಯ್ಯೋ" ಎಂದು ಕೂಗುತ್ತಿದ್ದರಂತೆ.

ಕೆಲವು ತಿಂಗಳ ಮೇಲೆ ಒಂದು ದಿನ ಪಿಜ್ಜಾ ಅಂಗಡಿಯಲ್ಲಿ ಭಾವನ ಕಣ್ಣಿಗೆ ಆ ಯಂತ್ರ ಬಿತ್ತು. "ಇದೇನೋ, ನಮ್ಮನೇದರ ಹಾಗೆ ಇಲ್ಲವಲ್ಲ!" ಎಂದು ಹತ್ತಿರ ಹೋದರು. ಬಣ್ಣಬಣ್ಣದ ದೆವ್ವಗಳನ್ನು ತುಂಬಾ ಹೊತ್ತು ನೋಡುತ್ತ ನಿಂತರು. ಕಾರಿನಲ್ಲಿ ಬರುವಾಗ "ನಿನಗೆ ಮೊದಲೇ ಗೊತ್ತಿತ್ತೇ?" ಎಂದು ಕೇಳಿದರು. ರವಿ "ಹೂಂ" ಎಂದ. ಮನೆ ಮುಟ್ಟುವವರೆಗೆ ಇನ್ನು ಮಾತಿಲ್ಲ. ಇವತ್ತಿಗೆ ಆಟ ಮುಗಿಯಿತು ಎಂದುಕೊಂಡು ಹುಡುಗ ಹೋಗಿ ಮಲಗಿದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ದನಿ ಬಂತು. "ಬಾರೋ, ನಿನ್ನ ಸರದಿ."

ರವಿ ನನಗೆ ಇನ್ನೊಂದು ಸಂಗತಿಯನ್ನೂ ಹೇಳಿದ. ಇಬ್ಬರು ಸರದಿಯಲ್ಲಿ ಆಡಬೇಕಾದರೆ ಯಾರು ಯಾವ ಚುಕ್ಕಿ ತಿಂದಿದ್ದಾರೆಂದು ಇಬ್ಬರ ಲೆಕ್ಕವನ್ನೂ ಯಂತ್ರ ಬೇರೆ ಬೇರೆಯಾಗಿ ನೆನಪಿಡಬೇಕು. ಆ ಪುಟ್ಟ ಸ್ಮರಣೆಯಲ್ಲಿ ಒಂದು ಪಾಲು ಅದಕ್ಕೇ ಹೋಗುತ್ತದೆ. ಒಬ್ಬರೇ ಆಡುವ ಆಟ ಮಾಡಿದ್ದರೆ ಆ ಜಾಗ ಬೇರೆ ಏನಕ್ಕಾದರೂ ಒದಗುತ್ತಿತ್ತು. ಆದರೂ ಫ್ರೈ ಇಬ್ಬರ ಆಟವನ್ನು ಬಿಡಲಿಲ್ಲ.

ಮೇಲಿನಿಂದ ಅಕ್ಕ ಕಾಫಿಗೆ ಕೂಗಿದರು. ನಾವು ಹೋಗಲಿಲ್ಲ. ನಾನು ಮೂರು ತಿರುವು ದಾಟುವಷ್ಟರಲ್ಲಿ ದೆವ್ವದ ಬಾಯಿಗೆ ಬಿದ್ದೆ. ಪರದೆ ರವಿಯದಾಯಿತು, ಅವನು ಸತ್ತ ಮೇಲೆ ಮತ್ತೆ ನನ್ನ ವ್ಯೂಹ ಬಂತು, ನಾನು ತಿಂದ ಗೀಟುಗಳ ಜಾಗ ಬಿಟ್ಟಲ್ಲಿ ಬಿಟ್ಟ ಹಾಗೇ ಖಾಲಿ ಇತ್ತು. ಅಷ್ಟರಲ್ಲಿ ಅಕ್ಕನೇ ಇಳಿದು ಬಂದು, ಆಟದ ಸದ್ದು ಕೇಳಿ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವರ ಹಿಂದೆ ನಮ್ಮವರು, ಕೈಯಲ್ಲಿ ಹಳೆಯ ಮನಿಯಾರ್ಡರ್ ಚೀಟಿಗಳ ಒಂದು ಕಟ್ಟು ಹಿಡಿದು.

ನಾವು ಹೊರಡುವ ದಿನ ಮೂರು ರಾಶಿಗಳೂ ಲಾರಿ ಏರಿದವು. ಆ ಯಂತ್ರ ಮಾತ್ರ ಇನ್ನೂ ಟಿವಿಯ ಮುಂದೆಯೇ ಇತ್ತು, ಎರಡೂ ಜಾಯ್‌ಸ್ಟಿಕ್ಕುಗಳ ಸಮೇತ.