ಮಾರ್ಚ್ 31ರ ಹಾಳೆ

ನಾನು ಸಾಸ್ತಾನದ ಸಹಕಾರಿ ಸಂಘವೊಂದಕ್ಕೆ ಗುಮಾಸ್ತನಾಗಿ ಸೇರಿದ ಕಾಲಕ್ಕೆ ಹೆದ್ದಾರಿಯ ನಂಬರು 66 ಆಗಿರಲಿಲ್ಲ, 17 ಇತ್ತು. ಟೋಲ್‌ಗೇಟಿನ ಸುದ್ದಿಯೇ ಇರಲಿಲ್ಲ. ಸಂಘದಲ್ಲಿ ಇದ್ದದ್ದು ಕಿರ್ದಿ, ಖಾತಾವಹಿ, ಸಾಲದ ಲೆಡ್ಜರು ಮತ್ತು ಸಂಜೆ ಪಿಗ್ಮಿ ಸಂಗ್ರಾಹಕರು ತಂದೊಪ್ಪಿಸುವ ಕೈಬರಹದ ಪಟ್ಟಿ. ಪಿಗ್ಮಿ ನಮ್ಮ ಕಡೆಯದೇ ಸಂಗತಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಉಡುಪಿಯ ಸಂಸ್ಥೆ ಅದನ್ನು 1928ರಲ್ಲಿ ಶುರುಮಾಡಿತು. ದಿನದ ಎರಡಾಣೆ ಉಳಿತಾಯವನ್ನು ಮನೆಬಾಗಿಲಿಗೆ ಬಂದು ಒಯ್ಯುವ ಏರ್ಪಾಡು ಅದು. ಮೊತ್ತ ಎಷ್ಟು ಚಿಕ್ಕದೋ ಬರೆಯುವ ಸಾಲುಗಳು ಅಷ್ಟು ಹೆಚ್ಚು.

ನಗದು ಶಿಲ್ಕು ತಾಳೆಯಾಗದೆ ಯಾರೂ ಮನೆಗೆ ಹೊರಡುವಂತಿರಲಿಲ್ಲ. ವ್ಯತ್ಯಾಸ 9ರಿಂದ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿದೆ ಎಂದು ಹಿರಿಯ ಗುಮಾಸ್ತರು ಮೊದಲು ನೋಡುತ್ತಿದ್ದರು. 540ರ ಜಾಗದಲ್ಲಿ 450 ಬರೆದರೆ 90 ವ್ಯತ್ಯಾಸ ಬರುತ್ತದೆ, 72ರ ಜಾಗದಲ್ಲಿ 27 ಬರೆದರೆ 45. ಈ ಉಪಾಯ ಗೊತ್ತಿದ್ದವನಿಗೆ ಆಫೀಸಿನಲ್ಲಿ ಗೌರವವಿತ್ತು. ಆ ದಿನಗಳು ಚಂದವಿದ್ದವು ಎಂದು ನಾನು ಹೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದಾಗ ಲಾಟೀನಿನ ಬೆಳಕಿನಲ್ಲಿ ಅಂಕಿ ಹುಡುಕುವುದು ಕಣ್ಣಿಗೆ ಕೇಡು, ಅಷ್ಟೇ.

ಆಮೇಲೆ ಕಂಪ್ಯೂಟರ್ ಬಂತು. ಡಾಸ್‌ನಲ್ಲಿ ನಡೆಯುವ ಫಾಕ್ಸ್‌ಪ್ರೊ ಪ್ರೋಗ್ರಾಮು, ಕಿರುಚುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಕೆಲಸ ಕಡಿಮೆಯಾಗಬೇಕಿತ್ತು, ಇಮ್ಮಡಿಯಾಯಿತು. ಲೆಕ್ಕ ಒಂದು ಕಡೆ ಇದ್ದರೆ ಮೇಲಿನವರಿಗೆ ವರದಿ ಬೇಕಾದದ್ದು ಎಕ್ಸೆಲ್‌ನಲ್ಲಿ. ಆದ್ದರಿಂದ ಪ್ರಿಂಟಾದ ಉದ್ದನೆಯ ಕಾಗದವನ್ನು ಎದುರಿಗಿಟ್ಟುಕೊಂಡು ಅದೇ ಅಂಕಿಗಳನ್ನು ಮತ್ತೆ ಟೈಪ್ ಮಾಡಿ, ಫ್ಲಾಪಿಗೆ ಹಾಕಿ, ಮಾಬುಕಳ ಸೇತುವೆ ದಾಟಿ ಉಡುಪಿಗೆ ಬಸ್ಸಿನಲ್ಲಿ ಒಯ್ಯಬೇಕು. ಅಲ್ಲಿ ಫ್ಲಾಪಿ ತೆರೆಯದಿದ್ದರೆ ಮರುದಿನ ಮತ್ತೆ ಬಸ್ಸು.

ಪ್ರೋಗ್ರಾಮಿನ ಡಿಬಿಎಫ್ ಫೈಲನ್ನು ಎಕ್ಸೆಲ್ ನೇರವಾಗಿ ತೆರೆಯುತ್ತದೆ ಎಂದು ತಿಳಿದ ಮೇಲೆ ಟೈಪಿಂಗ್ ತಪ್ಪಿತು. ಆದರೆ ಅದೂ ಆ ಗಳಿಗೆಯ ನಕಲು ಮಾತ್ರ. ಜತೆಗೆ ಹಳೆಯ ಎಕ್ಸೆಲ್ ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಇದು ನಮ್ಮಂಥ ಸಣ್ಣ ಊರಿನ ತಾಪತ್ರಯ ಎಂದುಕೊಳ್ಳಬೇಡಿ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಕೋವಿಡ್ ವರದಿಗಳನ್ನು ಇದೇ ಹಳೆಯ ಮಾದರಿಯ ಫೈಲಿಗೆ ಸುರಿದರು. ಹಾಳೆ ತುಂಬಿತು, ಮಿಕ್ಕ ಸಾಲುಗಳು ಬಿದ್ದುಹೋದವು, ಸುಮಾರು 16,000 ಸೋಂಕಿತರ ಲೆಕ್ಕ ಹೊರಗುಳಿಯಿತು.

ಡೇಟಾಬೇಸಿಗೂ ಎಕ್ಸೆಲ್‌ಗೂ ನಡುವೆ ನೇರ ಸಂಪರ್ಕ ಕೊಡುವ ವ್ಯವಸ್ಥೆ ಹೊಸದೇನಲ್ಲ. ಒಡಿಬಿಸಿ ಬಂದದ್ದು 1992ರಲ್ಲೇ. ಅದು ನಮ್ಮ ಮೇಜಿನವರೆಗೆ ಬರಲು ಪವರ್ ಕ್ವೆರಿ ಬೇಕಾಯಿತು. 2016ರ ಎಕ್ಸೆಲ್‌ನಲ್ಲಿ ಅದು ಒಳಗೇ ಸೇರಿತ್ತು. ಡೇಟಾ ಟ್ಯಾಬಿಗೆ ಹೋಗಿ, ಸರ್ವರಿನ ಹೆಸರು ಕೊಟ್ಟು, ಬೇಕಾದ ಟೇಬಲ್ ಆರಿಸಿದರೆ ಸುಸ್ತಿ ಸಾಲದ ಪಟ್ಟಿ ಹಾಳೆಗೆ ಬಂದು ಕೂರುತ್ತದೆ. ರಿಫ್ರೆಶ್ ಒತ್ತಿದರೆ ಆಗತಾನೆ ಕೌಂಟರಿನಲ್ಲಿ ಕಟ್ಟಿದ ಕಂತೂ ಅದರಲ್ಲಿರುತ್ತದೆ. ಒತ್ತದಿದ್ದರೆ ಹಳೆಯದೇ. ತಾನಾಗಿಯೇ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ ಎಂದು ನಂಬಿದವರು ಇಂದಿಗೂ ಇದ್ದಾರೆ. ಟೋಲ್‌ಗೇಟ್ ದಾಟಿದ ಬೆನ್ನಿಗೇ ಫಾಸ್ಟ್ಯಾಗ್ ಮೆಸೇಜು ನೋಡಿ ನೋಡಿ ಬಂದ ನಂಬಿಕೆ ಇರಬೇಕು.

ಮೊದಲ ಸಲ ಸಂಪರ್ಕ ಕೊಟ್ಟಾಗ ಅಂಕಿಗಳೆಲ್ಲ ಸರಿಯಾಗಿ ಬಂದವು, ಸದಸ್ಯರ ಹೆಸರುಗಳು ಮಾತ್ರ ಕಲಸುಮೇಲೋಗರ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರುಗಳು ಯೂನಿಕೋಡ್ ಅಲ್ಲವಲ್ಲ. ಆ ಕಾಲಮ್ಮಿಗೆ ನುಡಿ ಫಾಂಟು ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ. ಆದರೆ ಅಕಾರಾದಿಯಾಗಿ ಜೋಡಿಸಲು ಹೋದರೆ ಕ್ರಮವೇ ಇಲ್ಲ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಯಾರೂ ಸಿಗುವುದಿಲ್ಲ. ಹೆಸರು ಬಿಟ್ಟು ಸದಸ್ಯ ಸಂಖ್ಯೆಯನ್ನೇ ಹಿಡಿದುಕೊಂಡದ್ದರಿಂದ ಬಚಾವಾದೆವು.

ದೊಡ್ಡ ತಕರಾರು ಎದ್ದದ್ದು ಆಡಿಟ್ ಸಮಯದಲ್ಲಿ. ಮಾರ್ಚ್ 31ರ ಸುಸ್ತಿ ಪಟ್ಟಿಯನ್ನು ಆಡಳಿತ ಮಂಡಳಿಗೆ ಕೊಟ್ಟಾಗಿತ್ತು. ಅದೇ ಫೈಲನ್ನು ಮರುದಿನ ಲೆಕ್ಕಪರಿಶೋಧಕರೆದುರು ತೆರೆದರೆ ಮೊತ್ತ ಬೇರೆ. ಅಧ್ಯಕ್ಷರು ಕನ್ನಡಕ ತೆಗೆದು ಕೇಳಿದರು, "ಹೋಯ್, ನಿನ್ನೆ ಕೊಟ್ಟ ಲೆಕ್ಕ ಇವತ್ತ್ ಬ್ಯಾರೆ ಆಪ್ದ್ ಹ್ಯಾಂಗೆ ಮಾರಾಯ್ರೆ?" ಕಳವೂ ಇಲ್ಲ, ಮೋಸವೂ ಇಲ್ಲ. ಮಾರ್ಚ್ ಕೊನೆಯಲ್ಲಿ ಬಂದ ಕಂತುಗಳನ್ನು ಏಪ್ರಿಲ್‌ನಲ್ಲಿ ಹಿಂದಿನ ತಾರೀಕು ಹಾಕಿ ನಮೂದಿಸಿದ್ದರು. ಹಾಳೆ ಹುಡುಕುವುದು ವ್ಯವಹಾರದ ತಾರೀಕನ್ನು, ನಮೂದಿಸಿದ ತಾರೀಕನ್ನಲ್ಲ. ತೆರೆದೊಡನೆ ರಿಫ್ರೆಶ್ ಆಗುವಂತೆ ಇಟ್ಟಿದ್ದರಿಂದ ಹೊಸ ಮೊತ್ತ ಬಂದು ಕೂತಿತು. ಖಾತಾವಹಿಯ ಕಾಲದಲ್ಲಿ ಇದು ಸುಲಭಕ್ಕೆ ಆಗುತ್ತಿರಲಿಲ್ಲ. ವರ್ಷದ ಮುಕ್ತಾಯಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸಹಿ ಹಾಕಿದ ಮೇಲೆ, ಮೇಲೊಂದು ಸಾಲು ತುರುಕಲು ಜಾಗವೇ ಇರುವುದಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಎರಡು ಕಡೆ ಬರೆಯುತ್ತಿದ್ದಾಗ ತಪ್ಪು ತಾಳೆಯಲ್ಲಿ ಸಿಕ್ಕಿಬೀಳುತ್ತಿತ್ತು. ಈಗ ಕೌಂಟರಿನಲ್ಲಿ 540ರ ಬದಲು 450 ಒತ್ತಿದರೆ ಡೇಟಾಬೇಸಿನಲ್ಲೂ 450, ಹಾಳೆಯಲ್ಲೂ 450, ವರದಿಯಲ್ಲೂ 450. ಎಲ್ಲವೂ ತಾಳೆ! ನಗದು ಪೆಟ್ಟಿಗೆ ಎಣಿಸುವವನೊಬ್ಬನೇ ಅದನ್ನು ಹಿಡಿಯಬಲ್ಲ. ಹಾಗೆಂದು ಮತ್ತೆ ಟೈಪ್ ಮಾಡುವ ಕಾಲಕ್ಕೆ ಹೋಗಿ ಎಂದರೆ ನಾನು ಒಪ್ಪುವುದಿಲ್ಲ. ನಕಲು ಮಾಡುವುದರಲ್ಲಿ ಆಯುಷ್ಯ ಕಳೆದವನಿಗೆ ಅದರ ಬೆಲೆ ಗೊತ್ತು.

ಈಗಿನ ಹುಡುಗರು ಚುರುಕು, ನಾನು ಹೇಳಬೇಕಾದ್ದು ಹೆಚ್ಚೇನೂ ಇಲ್ಲ. ಸಂಪರ್ಕಕ್ಕೆ ಓದಲು ಮಾತ್ರ ಅವಕಾಶವಿರುವ ಲಾಗಿನ್ ಬಳಸಿ. ಹಾಳೆಯ ತಲೆಯಲ್ಲಿ ರಿಫ್ರೆಶ್ ಆದ ತಾರೀಕು, ಗಂಟೆ ಕಾಣುವಂತಿರಲಿ. ಮಾರ್ಚ್ 31ರ ಹಾಳೆಯನ್ನು ಮಾತ್ರ ಬೇರೆ ಫೈಲಿಗೆ ಬರೀ ಅಂಕಿಗಳಾಗಿ ಪೇಸ್ಟ್ ಮಾಡಿ, ಸಂಪರ್ಕ ಕತ್ತರಿಸಿ, ಪ್ರಿಂಟ್ ತೆಗೆದು ಸಹಿ ಹಾಕಿಸಿ ಇಟ್ಟುಕೊಳ್ಳಿ.