ಕರ್ಸಾವಿನಾ ನಡೆದ ಬೀದಿ

ಸೇಂಟ್ ಪೀಟರ್ಸ್‌ಬರ್ಗಿನ ನೆವ್‌ಸ್ಕಿ ರಸ್ತೆಯ ಗದ್ದಲ ಬಿಟ್ಟು, ಎರಡನೇ ಕ್ಯಾಥರೀನ್ ಮಹಾರಾಣಿಯ ಪ್ರತಿಮೆಯಿರುವ ತೋಟವನ್ನು ಹಾದು, ಅಲೆಕ್ಸಾಂಡ್ರಿನ್‌ಸ್ಕಿ ರಂಗಮಂದಿರದ ಹಿಂಬದಿಗೆ ಬಂದರೆ ಒಂದು ಬೀದಿ ಸಿಗುತ್ತದೆ. ಉದ್ದ 220 ಮೀಟರು, ಅಗಲ 22 ಮೀಟರು, ಎರಡೂ ಬದಿಯ ಕಟ್ಟಡಗಳ ಎತ್ತರವೂ 22 ಮೀಟರು. ಕಾರ್ಲೋ ರೊಸ್ಸಿ ಎಂಬ ವಾಸ್ತುಶಿಲ್ಪಿ 19ನೇ ಶತಮಾನದ ಮೊದಲರ್ಧದಲ್ಲಿ ಹಾಕಿದ ಲೆಕ್ಕ ಇದು. ಹಳದಿ ಗೋಡೆ, ಅದರ ಮೇಲೆ ಜೋಡಿ ಜೋಡಿಯಾಗಿ ಸಾಗುವ ಬಿಳಿ ಕಂಬಗಳು, ಎಡಕ್ಕೆ ಹೇಗೋ ಬಲಕ್ಕೂ ಹಾಗೆಯೇ. ಅಂಕಿಗಳನ್ನು ನಾನು ಮೊದಲೇ ಓದಿಕೊಂಡು ಹೋಗಿದ್ದೆ. ಆದರೂ ಬೀದಿಯ ಬಾಯಲ್ಲಿ ನಿಂತಾಗ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು. ಇಲ್ಲಿ ಕುಗ್ಗಿಕೊಂಡು, ಕಾಲೆಳೆದುಕೊಂಡು ನಡೆಯಲು ಸಾಧ್ಯವೇ ಇಲ್ಲ ಅನ್ನಿಸಿತು. ಕಂಬಗಳ ಲಯ ಹೆಜ್ಜೆಗೆ ಇಳಿಯುತ್ತದೆ.

ಇಲ್ಲಿಗೆ ನನ್ನನ್ನು ಕರೆತಂದದ್ದು ಬ್ಯಾಲೆ ನರ್ತಕಿ ತಮಾರಾ ಕರ್ಸಾವಿನಾ ಅವರ ಆತ್ಮಕಥೆ. ಅದರ ಹೆಸರು 'ಥಿಯೇಟರ್ ಸ್ಟ್ರೀಟ್'. ಈ ಬೀದಿಯದೇ ಹಳೆಯ ಹೆಸರು ಅದು. ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾದದ್ದು 1930ರಲ್ಲಿ. ಆ ಹೊತ್ತಿಗೆ ಬೀದಿಗೆ ವಾಸ್ತುಶಿಲ್ಪಿ ರೊಸ್ಸಿಯ ಹೆಸರು ಬಂದು ಏಳು ವರ್ಷ ಕಳೆದಿತ್ತು, ಊರು ಲೆನಿನ್‌ಗ್ರಾಡ್ ಆಗಿತ್ತು, ಬರೆದಾಕೆ ರಷ್ಯಾ ಬಿಟ್ಟು ಹನ್ನೆರಡು ವರ್ಷವಾಗಿತ್ತು. ತಾಯ್ನುಡಿಯಲ್ಲದ ಇಂಗ್ಲಿಷಿನಲ್ಲಿ, ನಕಾಶೆಯಿಂದ ಅಳಿಸಿಹೋದ ಬೀದಿಯೊಂದನ್ನು ಆಕೆ ಕಲ್ಲು ಕಲ್ಲಾಗಿ ಮತ್ತೆ ಕಟ್ಟಿದರು. ಮುನ್ನುಡಿ ಬರೆದದ್ದು ಪೀಟರ್ ಪ್ಯಾನ್‌ನ ಜನಕ ಜೆ. ಎಂ. ಬ್ಯಾರಿ. ಬೆಂಗಳೂರಿನಲ್ಲಿ ಅರ್ಧ ಓದಿದ್ದ ಆ ಪುಸ್ತಕದ ಉಳಿದರ್ಧವನ್ನು ಅದರ ಜಾಗದಲ್ಲೇ ಓದಬೇಕೆಂಬ ಆಸೆಯಿಂದ ನಾನು ಜೂನ್ ತಿಂಗಳಲ್ಲಿ ಹೊರಟೆ. ಆಗ ಪೀಟರ್ಸ್‌ಬರ್ಗಿನಲ್ಲಿ ರಾತ್ರಿಯೇ ಆಗುವುದಿಲ್ಲ. ಹತ್ತು ಗಂಟೆಗೂ ತೋಟದ ಬೆಂಚಿನ ಮೇಲೆ ಕೂತು, ದೀಪವಿಲ್ಲದೆ, ಸಣ್ಣಕ್ಷರದ ಪುಟಗಳನ್ನು ಓದಬಹುದು. ಓದಿದೆ.

ಕರ್ಸಾವಿನಾ ಹುಟ್ಟಿದ್ದು 1885ರಲ್ಲಿ. ತಂದೆ ಪ್ಲಾತೋನ್ ಕರ್ಸಾವಿನ್ ಚಕ್ರವರ್ತಿಯ ಬ್ಯಾಲೆ ತಂಡದ ನರ್ತಕ. ರಂಗದಿಂದ ನಿವೃತ್ತಿ ಬೇಗನೆ ಬಂತು, ಮನೆಯಲ್ಲಿ ಕೈ ಬಿಗಿಯಾಯಿತು. ಮಗಳು ತನ್ನ ಕಸುಬಿಗೆ ಬರುವುದು ಆತನಿಗೆ ಬೇಕಿರಲಿಲ್ಲ. ಪರದೆಯ ಹಿಂದಿನ ಒಳಸಂಚುಗಳನ್ನು ಕಂಡುಂಡವನಲ್ಲವೇ. ಬೇಕೆಂದವಳು ತಾಯಿ. ಗಂಡನಿಗೆ ತಿಳಿಯದಂತೆ, ನಿವೃತ್ತ ನರ್ತಕಿಯೊಬ್ಬರ ಬಳಿ ಮಗಳಿಗೆ ಪಾಠ ಹೇಳಿಸಿದಳು. ಗುಟ್ಟು ಬಯಲಾದ ಮೇಲೆ ತಂದೆ ಮಗಳಿಗೆ ತಾನೇ ಗುರುವಾದ. ಈ ಭಾಗ ಓದುವಾಗ ನನಗೆ ಬೆರಗು ತಂದದ್ದು ಬರಹದ ಸಂಯಮ. ಬಡತನವನ್ನು ಆಕೆ ಮುಚ್ಚಿಡುವುದಿಲ್ಲ, ಅದನ್ನು ಮುಂದೊಡ್ಡಿ ನಮ್ಮ ಕನಿಕರವನ್ನೂ ಕೇಳುವುದಿಲ್ಲ. ಬಹಳಷ್ಟು ಕಲಾವಿದರ ಆತ್ಮಕಥೆಗಳು ಚಪ್ಪಾಳೆಯ ಲೆಕ್ಕಪುಸ್ತಕವಾಗಿಬಿಡುತ್ತವೆ. ಇದು ಹಾಗಲ್ಲ. ಇಲ್ಲಿ ಅತಿ ಹೆಚ್ಚು ಪುಟ ಪಡೆದಿರುವುದು ಕೀರ್ತಿಯಲ್ಲ, ಕಲಿಕೆ.

ಆ ಕಲಿಕೆಯ ಮನೆ ಇದೇ ಬೀದಿಯ 2ನೇ ನಂಬರಿನ ಕಟ್ಟಡ. ಇಂದಿನ ಹೆಸರು ವಗಾನೊವಾ ರಷ್ಯನ್ ಬ್ಯಾಲೆ ಅಕಾಡೆಮಿ. ಶಾಲೆ ಮಾತ್ರ ಬೀದಿಗಿಂತ ಹಳೆಯದು. 1738ರಲ್ಲಿ ಆನ್ನಾ ಮಹಾರಾಣಿಯ ಅಪ್ಪಣೆಯಂತೆ ಝಾನ್ ಬತೀಸ್ತ್ ಲಾಂದೆ ಎಂಬ ಫ್ರೆಂಚ್ ನೃತ್ಯಗುರು ಚಳಿಗಾಲದ ಅರಮನೆಯಲ್ಲಿ ಇದನ್ನು ಆರಂಭಿಸಿದ. ಮೊದಲ ತಂಡದಲ್ಲಿ 12 ಹುಡುಗರು, 12 ಹುಡುಗಿಯರು, ಎಲ್ಲರೂ ಅರಮನೆಯ ಆಳುಮಕ್ಕಳ ಕೂಸುಗಳು. ಕರ್ಸಾವಿನಾ ಇಲ್ಲಿಗೆ ಸೇರಿದ್ದು 1894ರಲ್ಲಿ. ಆನ್ನಾ ಪಾವ್ಲೊವಾ ಆಗಲೇ ಒಳಗಿದ್ದಳು, ನಿಜಿನ್‌ಸ್ಕಿ ನಾಲ್ಕು ವರ್ಷಗಳ ನಂತರ ಬಂದ. ಮುಂದೆ ಬಾಲಂಚೀನ್, ನುರೇಯೆವ್, ಬರೀಶ್ನಿಕೋವ್. ಇವರೆಲ್ಲ ದಾಟಿದ ಹೊಸ್ತಿಲಿನ ಎದುರು ನಾನು ನಿಂತಿದ್ದೆ. ಬಾಗಿಲು ತೆರೆಯಿತು. ತಲೆಗೂದಲನ್ನು ಎಳೆದು ತುರುಬು ಕಟ್ಟಿದ ಹತ್ತು ಹನ್ನೊಂದರ ವಯಸ್ಸಿನ ಹುಡುಗಿಯರು, ಬೆನ್ನಿಗೆ ಚೀಲ ಹಾಕಿಕೊಂಡು, ಮಾತಾಡುತ್ತಾ ಬೀದಿಗಿಳಿದರು. ಪಾದಗಳು ಹೊರಕ್ಕೆ ತಿರುಗಿದ ಆ ನಡಿಗೆ! ದೂರ ಹೋದಮೇಲೂ ಯಾರು ಈ ಶಾಲೆಯವರು, ಯಾರು ದಾರಿಹೋಕರು ಎಂದು ಬೆನ್ನು ನೋಡಿಯೇ ಹೇಳಬಹುದಿತ್ತು.

ಪುಸ್ತಕದ ಶಾಲೆ ಬಹುಮಟ್ಟಿಗೆ ಮಠ. ಹುಡುಗರು ಒಂದು ಮಹಡಿ, ಹುಡುಗಿಯರು ಇನ್ನೊಂದು, ಪರಸ್ಪರ ಮಾತಿಲ್ಲ. ಹೊಸಬರಿಗೆ ಕಂದು ಬಣ್ಣದ ಉಡುಪು. ಚೆನ್ನಾಗಿ ಕಲಿತರೆ ಗುಲಾಬಿ. ಎಲ್ಲಕ್ಕೂ ಮೇಲಿನ ಗೌರವ ಬಿಳಿಯದು. ತಾಲೀಮಿನ ಕೋಣೆಯ ನೆಲ ಸಮತಟ್ಟಾಗಿಲ್ಲ. ಚಕ್ರವರ್ತಿಯ ಬ್ಯಾಲೆ ತಂಡ ಕುಣಿಯುತ್ತಿದ್ದ ಮಾರಿಯಿನ್‌ಸ್ಕಿ ರಂಗದ ನೆಲದಂತೆಯೇ ಮುಂದಕ್ಕೆ ಇಳಿಜಾರು. ಹತ್ತು ವರ್ಷದ ಮಗುವಿನ ಪಾದವೂ ಮೊದಲ ದಿನದಿಂದಲೇ ಆ ರಂಗದ ಓರೆಗೆ ಹೊಂದಿಕೊಳ್ಳಬೇಕು. ರಂಗದ ಮೇಲೆ ಮಕ್ಕಳ ಪಾತ್ರವಿದ್ದ ದಿನ ಮುಚ್ಚಿದ ಗಾಡಿಗಳಲ್ಲಿ, ಕಾವಲಿನೊಂದಿಗೆ, ಅವರನ್ನು ಕರೆದೊಯ್ದು ಕರೆತರುತ್ತಿದ್ದರು. ಹೊರಗಿನ ಊರೆಂದರೆ ಗಾಡಿಯ ಕಿಟಕಿಯಲ್ಲಿ ಕಂಡಷ್ಟೇ. ಇಷ್ಟು ಕಟ್ಟುಪಾಡಿನ ಬಾಲ್ಯವನ್ನು ನಾನಾದರೆ ಸೆರೆ ಅನ್ನುತ್ತಿದ್ದೆ. ಆಕೆ ಬರೆದ ಪುಟಗಳಲ್ಲಿ ಅದು ಸೆರೆಯಾಗಿ ಕಾಣುವುದಿಲ್ಲ. ದೇಹವೊಂದು ದಿನದಿಂದ ದಿನಕ್ಕೆ ತನಗೆ ಗೊತ್ತಿಲ್ಲದ ಶಕ್ತಿಯನ್ನು ಕಂಡುಕೊಳ್ಳುವ ಸಂಭ್ರಮ ಆ ಎಲ್ಲ ನಿಯಮಗಳನ್ನೂ ಮೀರಿ ಹೊಮ್ಮುತ್ತದೆ.

ಗುರುಗಳ ಚಿತ್ರಗಳಂತೂ ಕಣ್ಣಿಗೆ ಕಟ್ಟುತ್ತವೆ. ಎಲ್ಲರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದವರು ಕ್ರಿಸ್ಟಿಯನ್ ಯೋಹಾನ್ಸನ್. ಸ್ವೀಡನ್ನಿನವರು, 1817ರಲ್ಲಿ ಹುಟ್ಟಿದವರು. ಕರ್ಸಾವಿನಾ ಅವರ ತರಗತಿಗೆ ಬರುವಾಗ ಎಂಬತ್ತು ದಾಟಿದ್ದ ಮುದುಕ, ಕೈಯಲ್ಲಿ ಪಿಟೀಲು. ಈ ಯೋಹಾನ್ಸನ್ ಕೋಪನ್‌ಹೇಗನ್ನಿನಲ್ಲಿ ಆಗಸ್ಟ್ ಬೂರ್ನನ್‌ವಿಲ್‌ನ ಶಿಷ್ಯ. ಬೂರ್ನನ್‌ವಿಲ್ ಪ್ಯಾರಿಸಿನಲ್ಲಿ ಓಗ್ಯೂಸ್ತ್ ವೆಸ್ತ್ರಿಸ್‌ನ ಶಿಷ್ಯ. ವೆಸ್ತ್ರಿಸ್ ಫ್ರೆಂಚ್ ಕ್ರಾಂತಿಗೂ ಮುಂಚೆಯೇ ಪ್ಯಾರಿಸ್ ಅಪೆರಾದಲ್ಲಿ ಮೆರೆದವನು. ಪ್ಯಾರಿಸ್, ಕೋಪನ್‌ಹೇಗನ್, ಪೀಟರ್ಸ್‌ಬರ್ಗ್. ಮೂರು ಊರು, ಮೂವರು ಗುರುಗಳು, ನೂರಕ್ಕೂ ಹೆಚ್ಚು ವರ್ಷ. ಕಾಲಿನಿಂದ ಕಾಲಿಗೆ ದಾಟಿ ಬಂದ ಈ ವಿದ್ಯೆ ಕೊನೆಗೆ ಈ ಬೀದಿಯ ಒಂದು ಕೋಣೆಯಲ್ಲಿ, ಪಿಟೀಲಿನ ತಂತಿಯ ಮೀಟಿಗೆ, ಹದಿಹರೆಯದ ಹುಡುಗಿಯೊಬ್ಬಳ ಹಿಮ್ಮಡಿಗೆ ಬಂದು ಸೇರಿತು. ಈ ಸರಪಣಿಯನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ತಲೆಯೆತ್ತಿ ಆ ಕಿಟಕಿಗಳನ್ನು ನೋಡಿದಾಗ ಮೈ ನವಿರೆದ್ದಿತು.

1902ರಲ್ಲಿ ಶಾಲೆ ಮುಗಿಸಿ ಆಕೆ ಮಾರಿಯಿನ್‌ಸ್ಕಿ ತಂಡ ಸೇರಿದರು. ಮೂರೇ ವರ್ಷಗಳಲ್ಲಿ, 1905ರ ಕ್ರಾಂತಿಯ ಅಲೆ ಪರದೆಯ ಹಿಂದಕ್ಕೂ ಬಂತು. ನರ್ತಕರು ಸಭೆ ಸೇರಿದರು, ತಂಡದ ನಡೆಸುವಿಕೆಯಲ್ಲಿ ತಮ್ಮ ಮಾತಿಗೂ ಬೆಲೆ ಬೇಕೆಂದರು. ಪ್ರತಿನಿಧಿಗಳಲ್ಲಿ ಪಾವ್ಲೊವಾ, ಫೋಕಿನ್ ಜೊತೆಗೆ ಕರ್ಸಾವಿನಾ ಕೂಡ ಇದ್ದರು. ಆಡಳಿತ ನಿಷ್ಠೆಯ ಪತ್ರಕ್ಕೆ ಸಹಿ ಕೇಳಿತು. ಸಹಿ ಹಾಕಿದ ನರ್ತಕ ಸೆರ್ಗೇಯ್ ಲೆಗಾತ್, ಗೆಳೆಯರಿಗೆ ಎರಡು ಬಗೆದೆನೆಂಬ ಕೊರಗಿನಲ್ಲಿ, ಪ್ರಾಣ ಕಳೆದುಕೊಂಡ. ಆತನ ಕುರಿತ ಪುಟಗಳನ್ನು ಓದಿದ ಮೇಲೆ ನಾನು ಪುಸ್ತಕ ಮುಚ್ಚಿ ಫೊಂತಾಂಕಾ ನದಿಯ ದಡದವರೆಗೆ ನಡೆದುಹೋದೆ. ಬೀದಿಯ ಆ ತುದಿಯಲ್ಲಿ ಗೋಪುರ, ಸರಪಣಿಗಳಿರುವ ಲೊಮೊನೊಸೊವ್ ಸೇತುವೆಯಿದೆ. ಅಷ್ಟು ಚೆಂದದ ಬೀದಿಯೂ ಯಾರನ್ನೂ ಕಾಪಾಡಲಿಲ್ಲ ಎಂಬುದು ಅಲ್ಲಿ ನಿಂತಾಗ ತಟ್ಟಿತು.

ಪ್ಯಾರಿಸಿನ ಗೆಲುವುಗಳ ಕಥೆ ಎಲ್ಲರಿಗೂ ಗೊತ್ತಿರುವಂಥದ್ದು. 1909ರಲ್ಲಿ ರಷ್ಯನ್ ನರ್ತಕರನ್ನು ಪ್ಯಾರಿಸಿಗೆ ಕರೆದೊಯ್ದ ದಿಯಾಗಿಲೆವ್‌ನ ತಂಡ, 1910ರಲ್ಲಿ 'ಫೈರ್‌ಬರ್ಡ್', ಮರುವರ್ಷ 'ಪೆತ್ರೂಷ್ಕಾ'. ಅದರಲ್ಲಿ ನನಗೆ ಪ್ರಿಯವಾದದ್ದು ಒಂದು ಸಣ್ಣ ಸಂಗತಿ. ಫೈರ್‌ಬರ್ಡ್‌ನ ಸಂಗೀತ ಪಾವ್ಲೊವಾಗೆ ಹಿಡಿಸಲಿಲ್ಲ, ಪಾತ್ರ ಕರ್ಸಾವಿನಾ ಪಾಲಿಗೆ ಬಂತು. ಆಕೆಗೂ ಆ ಲಯ ಕೈಗೆ ಸಿಗಲಿಲ್ಲ. ಆಗ ಆ ಸಂಗೀತ ಬರೆದ ಇಪ್ಪತ್ತೇಳರ ತರುಣ ಸ್ತ್ರಾವಿನ್‌ಸ್ಕಿ ತಾಲೀಮಿಗೆ ಮುಂಚೆಯೇ ಬಂದು, ಪಿಯಾನೊ ಮುಂದೆ ಕೂತು, ಆಕೆಗೆ ಕಷ್ಟವಾದ ಭಾಗಗಳನ್ನು ಮತ್ತೆ ಮತ್ತೆ ನುಡಿಸಿ ತೋರಿಸುತ್ತಿದ್ದ.

ಒಂದು ಸಂಜೆ ಮಾರಿಯಿನ್‌ಸ್ಕಿಗೆ ಹೋದೆ. 1860ರಲ್ಲಿ ತೆರೆದ ರಂಗಮಂದಿರ. ಒಳಗೆ ನೀಲಿ ಮಖಮಲ್ಲು, ಚಿನ್ನದ ಬಣ್ಣ, ನಡುವೆ ಚಕ್ರವರ್ತಿ ಕೂರುತ್ತಿದ್ದ ಮಂಟಪ. ಅಂದಿನ ಆಟ 'ಲಾ ಬಯಾದೇರ್'. 1877ರಲ್ಲಿ ಮಾರಿಯಸ್ ಪೆತಿಪಾ ಕಟ್ಟಿದ ಈ ಬ್ಯಾಲೆಯ ನಾಯಕಿ ನಿಕಿಯಾ ಭಾರತದ ದೇವಾಲಯದ ನರ್ತಕಿ. ಭಾರತವನ್ನು ಕಾಣದವನೊಬ್ಬ ಕಲ್ಪಿಸಿಕೊಂಡ ಭಾರತ ಅದು. ಅದರ ಪೂಜಾರಿಗಳನ್ನೂ ಫಕೀರರನ್ನೂ ನಮ್ಮ ಯಾವ ಊರಲ್ಲೂ ಕಾಣಲಾರೆವು. ಮೊದಲ ಅಂಕಗಳನ್ನು ನಾನು ದೂರದಿಂದಲೇ ನೋಡಿದೆ. ಆಮೇಲೆ ನೆರಳುಗಳ ಲೋಕ ತೆರೆಯಿತು. ಸತ್ತ ನಿಕಿಯಾಳನ್ನು ನಾಯಕ ಸೊಲೋರ್ ಅಫೀಮಿನ ಕನಸಿನಲ್ಲಿ ಕಾಣುವ ದೃಶ್ಯ. ಕತ್ತಲ ಹಿನ್ನೆಲೆಯ ಇಳಿಜಾರಿನಲ್ಲಿ ಬಿಳಿಯುಡುಪಿನ ಒಬ್ಬಳು ಕಾಣಿಸಿಕೊಂಡಳು. ಒಂದು ಕಾಲ ಮೇಲೆ ಬಾಗಿ ಇನ್ನೊಂದನ್ನು ಹಿಂದಕ್ಕೆ ಚಾಚಿದಳು, ನಿಂತು ಹಿಂದಕ್ಕೆ ಬಾಗಿದಳು, ಎರಡು ಹೆಜ್ಜೆ ಮುಂದಿಟ್ಟಳು. ಅವಳ ಹಿಂದೆ ಇನ್ನೊಬ್ಬಳು, ಅದೇ ಚಲನೆ. ಮತ್ತೊಬ್ಬಳು. ಒಬ್ಬೊಬ್ಬರಾಗಿ 32 ಮಂದಿ ಇಳಿದು ರಂಗ ತುಂಬುವ ತನಕ ಅದೊಂದೇ ಚಲನೆ. ಇಷ್ಟು ಸರಳವಾದದ್ದು ಇಷ್ಟು ದೊಡ್ಡದಾಗಬಹುದೆಂದು ನಾನು ಎಣಿಸಿರಲಿಲ್ಲ. ಎಲ್ಲೂ ಅವಸರವಿಲ್ಲ, ಅಡಗಲು ಜಾಗವಿಲ್ಲ. ಒಬ್ಬಳ ಪಾದ ನಡುಗಿದರೂ ಸಾವಿರಾರು ಕಣ್ಣಿಗೆ ಬೀಳುತ್ತದೆ. ಈ ಮೂವತ್ತೆರಡರಲ್ಲಿ ಹೆಚ್ಚಿನವರು ಆ ಹಳದಿ ಬೀದಿಯ ಬಾಗಿಲಿನಿಂದ ಹೊರಬಂದವರೇ ಇರಬೇಕು. ಪಕ್ಕದ ಕುರ್ಚಿಯ ವೃದ್ಧೆ ಉಸಿರು ಬಿಗಿಹಿಡಿದು ಕೂತಿದ್ದರು. ಕೊನೆಯವಳು ಕೆಳಗಿಳಿದಾಗ ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟೆವು.

ಕರ್ಸಾವಿನಾ ಇದೇ ರಂಗದ ಮೇಲೆ ಕೊನೆಯ ಬಾರಿ ಕುಣಿದದ್ದು 1918ರ ಮೇ ತಿಂಗಳಲ್ಲಿ, ಇದೇ ನಿಕಿಯಾಳಾಗಿ. ಹೊರಗೆ ಹಸಿವು, ಗುಂಡಿನ ಸದ್ದು. ಚಕ್ರವರ್ತಿಯ ಮಂಟಪದಲ್ಲಿ ಚಕ್ರವರ್ತಿ ಇಲ್ಲ. ಕೆಲವೇ ವಾರಗಳಲ್ಲಿ ಆಕೆ ಬ್ರಿಟಿಷ್ ರಾಜತಂತ್ರಜ್ಞನಾಗಿದ್ದ ಗಂಡ ಹೆನ್ರಿ ಬ್ರೂಸ್ ಮತ್ತು ಪುಟ್ಟ ಮಗನೊಂದಿಗೆ ಉತ್ತರದ ಮುರ್ಮಾನ್ಸ್ಕ್ ಕಡೆಯಿಂದ ದೇಶ ಬಿಟ್ಟರು. ಆ ಪಯಣದ ಅಧ್ಯಾಯವನ್ನು ನೇವಾ ನದಿಯ ದಂಡೆಯ ಕಲ್ಲುಗಟ್ಟೆಯ ಮೇಲೆ ಕೂತು ಓದಿ ಮುಗಿಸಿದೆ. ಆಚೆ ದಡದಲ್ಲಿ, ಆಕೆಯ ಹಿರಿಯ ಸಮಕಾಲೀನೆ, ನರ್ತಕಿ ಕ್ಷೆಸಿನ್‌ಸ್ಕಾಯಾಳ ಬಂಗಲೆಯಿದೆ. 1917ರಲ್ಲಿ ಅದು ಬೋಲ್ಶೆವಿಕರ ನೆಲೆಯಾಗಿತ್ತು, ಅದರ ಬಾಲ್ಕನಿಯಿಂದ ಲೆನಿನ್ ಭಾಷಣ ಮಾಡಿದ್ದ. ಈಗ ರಾಜಕೀಯ ಇತಿಹಾಸದ ಸಂಗ್ರಹಾಲಯ. ಕರ್ಸಾವಿನಾ ಅಣ್ಣ ಲೆವ್ ತತ್ತ್ವಶಾಸ್ತ್ರಜ್ಞ. ಅವನನ್ನು 1922ರಲ್ಲಿ ದೇಶದಿಂದ ಹೊರಹಾಕಿದರು, ಆಮೇಲೆ ಸೋವಿಯತ್ ಬಂಧನಕ್ಕೆ ಸಿಕ್ಕಿ 1952ರಲ್ಲಿ ಆಬೆಜ್ ಶಿಬಿರದಲ್ಲಿ ತೀರಿಕೊಂಡ. ಪುಸ್ತಕ ಬರೆಯುವಾಗ ತಂಗಿಗೆ ಆ ಸಾವು ಇನ್ನೂ ಮುಂದಿನ ಮಾತು. ಓದುವ ನಮಗೆ ಮಾತ್ರ ಗೊತ್ತಿದೆ. ಹಾಗಾಗಿ ಮನೆಯ ಆ ಬಾಲ್ಯದ ಪುಟಗಳಲ್ಲಿ ಅಣ್ಣನ ಹೆಸರು ಬಂದಾಗಲೆಲ್ಲ ಎದೆ ಭಾರವಾಗುತ್ತದೆ.

ಆತ್ಮಕಥೆ ಅಲ್ಲಿಗೆ ಮುಗಿದರೂ ಆಕೆಯ ಕೆಲಸ ಮುಗಿಯಲಿಲ್ಲ. ನನಗೆ ಅತಿ ದೊಡ್ಡ ಬೆರಗು ಅದೇ. ಕರ್ಸಾವಿನಾ 1978ರವರೆಗೆ, 93 ವರ್ಷ ಬದುಕಿದರು. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮನೆ. 1920ರಲ್ಲಿ ಹುಟ್ಟಿದ, ಇಂದು ರಾಯಲ್ ಅಕಾಡೆಮಿ ಆಫ್ ಡಾನ್ಸ್ ಎಂದು ಹೆಸರಾದ ಸಂಸ್ಥೆಯನ್ನು ಕಟ್ಟಿದವರಲ್ಲಿ ಆಕೆಯೂ ಒಬ್ಬರು. 1954ರಲ್ಲಿ ಮಾರ್ಗೋ ಫಾಂಟೇನ್ 'ಫೈರ್‌ಬರ್ಡ್' ಮಾಡಬೇಕಾದಾಗ ಪಾತ್ರವನ್ನು ಹೇಳಿಕೊಟ್ಟದ್ದು ಅದನ್ನು ಮೊದಲು ಕುಣಿದ ಕರ್ಸಾವಿನಾ. ಸ್ತ್ರಾವಿನ್‌ಸ್ಕಿ ಪಿಯಾನೊ ಪಕ್ಕದಲ್ಲಿ ಕೂತು ಬಿಡಿಸಿಕೊಟ್ಟ ಲಯ ನಲವತ್ತನಾಲ್ಕು ವರ್ಷದ ನಂತರ ಇಂಗ್ಲಿಷ್ ನರ್ತಕಿಯ ಮೈಗೆ ಇಳಿಯಿತು.

1960ರಲ್ಲಿ ನೃತ್ಯ ಸಂಯೋಜಕ ಫ್ರೆಡರಿಕ್ ಆಶ್ಟನ್ 'ಲಾ ಫೀಯ್ ಮಾಲ್ ಗಾರ್ದೆ' ಎಂಬ ಹಳ್ಳಿಯ ಪ್ರೇಮದ ಬ್ಯಾಲೆಯನ್ನು ಹೊಸದಾಗಿ ಕಟ್ಟಿದ. ಅದರಲ್ಲೊಂದು ಕಡೆ ನಾಯಕಿ ಲೀಸ್ ಮನೆಯಲ್ಲಿ ಒಬ್ಬಳೇ ಇದ್ದೇನೆಂದು ತಿಳಿದು, ಮದುವೆಯಾದ ಮೇಲಿನ ತನ್ನ ಬದುಕನ್ನು ಅಭಿನಯಿಸಿಕೊಳ್ಳುತ್ತಾಳೆ: ಮದುವೆಯ ಉಡುಪು, ಮಕ್ಕಳು, ಒಬ್ಬನಿಗೆ ಪಾಠ, ಇನ್ನೊಬ್ಬನಿಗೆ ಪೆಟ್ಟು, ಕಂಕುಳಲ್ಲಿ ಕೂಸು. ಅಷ್ಟರಲ್ಲಿ ಹುಲ್ಲುಕಟ್ಟುಗಳ ನಡುವೆ ಅಡಗಿದ್ದ ನಲ್ಲ ಕೋಲಾ ಹೊರಬಂದು ಅವಳನ್ನು ನಾಚಿಸುತ್ತಾನೆ. ಮಾತಿಲ್ಲ, ಕುಣಿತವೂ ಇಲ್ಲ, ಬರೀ ಕೈ ಮತ್ತು ಮುಖ. ಈ ಅಭಿನಯವನ್ನು ಕರ್ಸಾವಿನಾ ಪೀಟರ್ಸ್‌ಬರ್ಗಿನಲ್ಲಿ ಕಲಿತಿದ್ದರು. ನೆನಪಿನಲ್ಲಿದ್ದುದನ್ನು, ಎಪ್ಪತ್ತೈದರ ಹತ್ತಿರದ ವಯಸ್ಸಿನಲ್ಲಿ, ಸನ್ನೆ ಸನ್ನೆಯಾಗಿ ಆಶ್ಟನ್‌ಗೆ ಮಾಡಿ ತೋರಿಸಿದರು. ಮೈಸೂರು ಅರಮನೆಯ ನರ್ತಕಿ ಜಟ್ಟಿ ತಾಯಮ್ಮನವರ ಅಭಿನಯ ಶಿಷ್ಯೆ ವೆಂಕಟಲಕ್ಷಮ್ಮನವರಿಗೆ ದಕ್ಕಿದ್ದೂ ಹೀಗೆ, ಎದುರಾಬದುರು ಕೂತೇ. ಆಶ್ಟನ್ ಅದನ್ನು ತನ್ನ ಬ್ಯಾಲೆಯೊಳಗೆ ಸೇರಿಸಿಕೊಂಡ. ಲಂಡನ್ನಿನ ರಾಯಲ್ ಬ್ಯಾಲೆ ಇವತ್ತಿಗೂ ಅದನ್ನು ಆಡುತ್ತದೆ, ಬೇರೆ ದೇಶಗಳ ತಂಡಗಳೂ ಆಡುತ್ತವೆ. ಮುಂದಿನ ಸಲ ಎಲ್ಲಿ ಆಡಿದರೂ ಸರಿ, ನಾನು ಅದಕ್ಕೆ ಟಿಕೆಟ್ ಕೊಳ್ಳುವವನೇ.