ನಾಲ್ಕನೇ ಜ್ವರ

ಮೇಲೂರಿನಲ್ಲಿ ಯಾರ ಮನೆ ಜಗಲಿಯ ಮೇಲೆ ಕೂತರೂ ಮಾತು ಮೊದಲು ಹುಳುವಿನ ಕಡೆಗೇ ಹೋಗುತ್ತದೆ. ಹುಳು ಅಂದರೆ ರೇಷ್ಮೆ ಹುಳು, ಬೇರೆ ಹುಳುಗಳಾದರೆ ಹೆಸರು ಹೇಳಬೇಕು. "ಎಷ್ಟನೇ ಜ್ವರ?" ಅಂತ ಒಬ್ಬರು, "ಮೂರನೇದು ಎದ್ದೈತೆ" ಅಂತ ಇನ್ನೊಬ್ಬರು. ಹೊಸಬರು ಕೇಳಿದರೆ ಮನೆಯಲ್ಲಿ ಯಾರೋ ಮಲಗಿದ್ದಾರೆ ಅಂದುಕೊಂಡಾರು. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ನಿಂತು ಪೊರೆ ಬಿಡುತ್ತದಲ್ಲ, ಅದು ಜ್ವರ. ಇಂಥ ನಾಲ್ಕು ಎದ್ದ ಮೇಲೆ ಗಬಗಬ ಮೇದು ಹಣ್ಣಾಗುತ್ತದೆ, ಚಂದ್ರಿಕೆ ಎಂಬ ತಟ್ಟಿ ಏರಿ ಗೂಡು ಕಟ್ಟುತ್ತದೆ.

ಮೊನ್ನೆ ಇದೇ ಮಾತು ನಡೆಯುತ್ತಿದ್ದಾಗ, ಶಿಡ್ಲಘಟ್ಟದ ಕೋರ್ಟಿನಿಂದ ಬಂದು ಕರಿ ಕೋಟನ್ನೂ ಕಳಚದೆ ಕೂತಿದ್ದ ನಮ್ಮ ಲಾಯರ್ ಭಾವ, "ಅಪರಾಧಕ್ಕೂ ನಾಲ್ಕೇ ಜ್ವರ ಕಣಯ್ಯಾ" ಅಂದರು. ಮೊದಲು ಮನಸ್ಸಿಗೆ ಬರುತ್ತದೆ, ಆಮೇಲೆ ಸಿದ್ಧತೆ, ಆಮೇಲೆ ಪ್ರಯತ್ನ, ಕೊನೆಗೆ ಕೃತ್ಯ. ಮನಸ್ಸಿಗೆ ಬಂದದ್ದಕ್ಕೆ ಶಿಕ್ಷೆ ಇಲ್ಲ, ಸಿದ್ಧತೆಗೂ ಸಾಮಾನ್ಯವಾಗಿ ಇಲ್ಲ. ಪ್ರಯತ್ನಕ್ಕೆ ಇಳಿದರೆ ಕಾನೂನು ಕಣ್ಣು ಬಿಡುತ್ತದಂತೆ.

ಮನಸ್ಸಿಗೆ ಬಂದದ್ದಕ್ಕೂ ಜೈಲು ಅಂತಿದ್ದರೆ ನಮ್ಮ ಬೀದಿಯಲ್ಲಿ ಹೊರಗೆ ಉಳಿಯುತ್ತಿದ್ದವರು ಯಾರು, ನೀವೇ ಹೇಳಿ. ಟೊಮೆಟೊ ರೇಟು ಬಿದ್ದ ದಿನ ಮಂಡಿಯವನನ್ನು ನಾವು ಮನಸ್ಸಿನಲ್ಲೇ ಏನೇನು ಮಾಡಿ ಬಂದಿರುವುದಿಲ್ಲ!

ಸಿದ್ಧತೆಯ ವಿಷಯ ಬಂದಾಗ ಮಾತು ಪೇಪರಿಗೆ ತಿರುಗಿತು. 'ದರೋಡೆಗೆ ಸಂಚು: ಐವರ ಬಂಧನ' ಎಂಬ ಸುದ್ದಿ ನೀವೂ ಓದಿರುತ್ತೀರಿ. ಲಾಂಗು, ಮಚ್ಚು, ಹಗ್ಗ, ಜೊತೆಗೆ ಒಂದು ಖಾರದ ಪುಡಿ ಪೊಟ್ಟಣ. ಆ ಪೊಟ್ಟಣ ಇಲ್ಲದ ಸುದ್ದಿಯನ್ನು ನಾನಂತೂ ಓದಿದ ನೆನಪಿಲ್ಲ. ಆದರೆ ಐದೇ ಜನ ಯಾಕೆ ಅಂತ ಯಾವತ್ತೂ ಯೋಚಿಸಿರಲಿಲ್ಲ. ಭಾವ ಬಿಡಿಸಿ ಹೇಳಿದರು: ಕಾನೂನಿನಲ್ಲಿ ಐದು ಜನ ಕೂಡಿದರೇ ದರೋಡೆ, ಅದಕ್ಕಿಂತ ಕಡಿಮೆಯಾದರೆ ಸುಲಿಗೆ. ಸುಲಿಗೆಯ ಸಿದ್ಧತೆಗೆ ಶಿಕ್ಷೆಯಿಲ್ಲ, ದರೋಡೆಯ ಸಿದ್ಧತೆಗೆ 10 ವರ್ಷದವರೆಗೆ ಕಠಿಣ ಸಜೆ, ಬರೀ ಅದಕ್ಕಾಗಿ ಗುಂಪುಗೂಡಿದ್ದಕ್ಕೇ 7 ವರ್ಷದವರೆಗೆ. "ಹಾಗಾದರೆ ನಾಲ್ವರಿದ್ದರೆ ಪರವಾಗಿಲ್ಲ ಅನ್ನಿ" ಎಂದೆ. "ಒಪ್ಪಂದ ಮಾಡಿಕೊಂಡರೆ ಇಬ್ಬರೂ ಸಾಕು, ಅದು ಒಳಸಂಚು, ಅದರ ಲೆಕ್ಕ ಬೇರೆ" ಅಂತ ಭಾವ ನನ್ನ ಉತ್ಸಾಹಕ್ಕೆ ತಣ್ಣೀರೆರಚಿದರು. ನಾವು ಜಗಲಿಯ ಮೇಲೆ ಎಷ್ಟು ಜನ ಇದ್ದೇವೆ ಅಂತ ಒಮ್ಮೆ ಎಣಿಸಿ ನೋಡಿದೆ. ನಾಲ್ವರು.

ನಾಚಿಕೆ ಬಿಟ್ಟು ನನ್ನ ಹಳೆಯ ಕೇಸನ್ನೂ ಮುಂದಿಟ್ಟೆ. ಆಗ ನನಗೆ ಹತ್ತು ವರ್ಷ. ಶಾಲೆಯ ದಾರಿಯಲ್ಲಿ ಕಲ್ಲುಕಂಬದ ಮೇಲೆ ದ್ರಾಕ್ಷಿ ಚಪ್ಪರ, ಬೆಂಗಳೂರು ಬ್ಲೂ. ಕಪ್ಪಗೆ, ಮೇಲೆ ಬೂದಿ ಹಚ್ಚಿದ ಹಾಗೆ, ಕೈಗೆ ಸಿಕ್ಕೂ ಸಿಗದ ಎತ್ತರದಲ್ಲಿ. ಮೊದಲನೇ ಜ್ವರ ಬಂದು ಒಂದು ವಾರವಾಗಿತ್ತು. ಎರಡನೆಯದಕ್ಕೆ ದೊಡ್ಡಪ್ಪನ ಶೇವಿಂಗ್ ಬ್ಲೇಡನ್ನು ಅರ್ಧ ಮುರಿದು, ಕಾಗದದಲ್ಲಿ ಸುತ್ತಿ ನಿಕ್ಕರಿನ ಜೇಬಿಗೆ ಹಾಕಿಕೊಂಡೆ. ಬೇಲಿ ನುಸುಳಿದೆ. ಒಂದು ಗೊಂಚಲು ಹಿಡಿದು ಬ್ಲೇಡು ತೊಟ್ಟಿಗೆ ತಾಗಿಸಿದೆ, ಅಷ್ಟರಲ್ಲಿ ಆ ಕಡೆಯಿಂದ ತೋಟದವರು ಕೆಮ್ಮಿದರು. ಓಟ.

"ತೊಟ್ಟು ಕತ್ತರಿಸಿತಾ?" ಅದೊಂದೇ ಭಾವನ ಪ್ರಶ್ನೆ. ಇಲ್ಲ ಅಂದೆ. ಹಾಗಾದರೆ ಅದು ಬರೀ ಪ್ರಯತ್ನ. ನೆಲಕ್ಕೆ ಅಂಟಿಕೊಂಡಿರುವ ವಸ್ತುವನ್ನು ಕದಿಯಲಾಗದಂತೆ! ಬಳ್ಳಿಯಲ್ಲಿರುವ ದ್ರಾಕ್ಷಿ ಅಲ್ಲಿವರೆಗೂ ಭೂಮಿಯ ಭಾಗ. ತೊಟ್ಟು ಬಿಟ್ಟುಕೊಂಡು ಗೊಂಚಲು ಕೈಗೆ ಬಂತೋ, ಚಪ್ಪರದ ಕೆಳಗೇ ನಿಂತಿದ್ದರೂ ಕಳ್ಳತನ ಪೂರ್ತಿ. ಕಳ್ಳತನ ಮುಗಿಯುವುದು ಬೇಲಿ ದಾಟಿದ ಮೇಲೆ ಅಂತ ನಾನು ಇಷ್ಟು ವರ್ಷ ನಂಬಿದ್ದೆ. ಬೇಲಿಯ ಹೊರಗೇ ಬ್ಲೇಡು ಹಿಡಿದು ನಿಂತು ವಾಪಸ್ಸು ಬಂದಿದ್ದರೆ ಕಳ್ಳತನದ ಕೇಸೇ ಇಲ್ಲ. ಅದಕ್ಕೆ ಭಾವ ಒಂದು ತೀರ್ಪನ್ನೂ ಹೇಳಿದರು: ಪಂಜಾಬಿನಿಂದ ಹೊರಗೆ ಸಾಗಿಸಬಾರದೆಂಬ ನಿಷೇಧವಿದ್ದ ಭತ್ತ ತುಂಬಿಕೊಂಡ ಲಾರಿಯೊಂದನ್ನು 1961ರಲ್ಲಿ ದೆಹಲಿಗೆ 32 ಮೈಲಿ ಇರುವಾಗಲೇ ಸಮಾಲ್ಖಾದಲ್ಲಿ ತಡೆದಿದ್ದರು. ಗಡಿ ಇನ್ನೂ ಮುಂದಿತ್ತು, ಅಷ್ಟರಲ್ಲಿ ಮನಸ್ಸು ಬದಲಾಯಿಸಿ ಹಿಂದಿರುಗಬಹುದಿತ್ತಲ್ಲ, ಇದಿನ್ನೂ ಸಿದ್ಧತೆಯೇ ಎಂದು ಸುಪ್ರೀಂ ಕೋರ್ಟು 1968ರಲ್ಲಿ ಬಿಟ್ಟುಬಿಟ್ಟಿತು.

ನಮ್ಮಮ್ಮ ಆ ತೀರ್ಪು ಓದಿರಲಿಲ್ಲ. ಜೇಬಿನಲ್ಲಿ ಬ್ಲೇಡು ಸಿಕ್ಕಿದ್ದಕ್ಕೇ ಸೌದೆ ಕಡ್ಡಿ ಮುರಿಯುವ ತನಕ ಬಾರಿಸಿದಳು. 7ರಿಂದ 12 ವರ್ಷದ ಮಗುವಿಗೆ ತಿಳಿವಳಿಕೆ ಬಲಿತಿರದಿದ್ದರೆ ಅದು ಮಾಡಿದ್ದು ಅಪರಾಧವೇ ಅಲ್ಲ ಎಂಬ ಕಾನೂನು ಆಗಲೂ ಇತ್ತು ಅಂತ ಭಾವ ಈಗ ಹೇಳುತ್ತಾರೆ. ಈಗ ಹೇಳಿ ಏನು ಪ್ರಯೋಜನ?

ಜೇಬು ಅಂದ ಕೂಡಲೇ ಇನ್ನೊಂದು ನೆನಪಾಯಿತು. ಪ್ರಯತ್ನ ಅಂದರೇನು ಅಂತ ತಿಳಿಸಲು 1860ರ ದಂಡಸಂಹಿತೆಯೇ ಒಂದು ಉದಾಹರಣೆ ಕೊಟ್ಟಿದೆ: ಒಬ್ಬ ಇನ್ನೊಬ್ಬನ ಜೇಬಿಗೆ ಕೈ ಹಾಕುತ್ತಾನೆ, ಜೇಬಿನಲ್ಲಿ ಏನೂ ಇಲ್ಲ, ಆದರೂ ಅವನು ತಪ್ಪಿತಸ್ಥ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಆ 511ನೇ ಕಲಂ 62 ಆಯಿತು, ಖಾಲಿ ಜೇಬು ಮಾತ್ರ ಹಾಗೇ ಉಳಿಯಿತು. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಇದು ಎಷ್ಟು ಹೊಂದುತ್ತದೆ ನೋಡಿ! ಮೊದಲು ಗೂಡು ಮಾರಿದವರು ನೋಟಿನ ಕಟ್ಟನ್ನು ಒಳಜೇಬಿಗೆ ಇಟ್ಟು, ಮೇಲೆ ಅಂಗೈ ಒತ್ತಿಕೊಂಡು ಬಸ್ಸು ಹತ್ತುತ್ತಿದ್ದರು. ಅಂಗೈ ನೋಡಿಯೇ ಜೇಬುಗಳ್ಳನಿಗೆ ದುಡ್ಡು ಎಲ್ಲಿದೆ ಅಂತ ಗೊತ್ತಾಗುತ್ತಿತ್ತು. ಈಗ ದುಡ್ಡು ನೇರವಾಗಿ ಬ್ಯಾಂಕಿಗೆ. ಕೈ ಹಾಕಿದವನಿಗೆ ಸಿಗುವುದು ಎಲೆ ಅಡಿಕೆ, ಮೇಲೆ ಒಂದೂವರೆ ವರ್ಷದವರೆಗೆ ಜೈಲು, ಅಂದರೆ ಕಳ್ಳತನಕ್ಕಿರುವ ಮೂರರಲ್ಲಿ ಅರ್ಧ. ಎಲೆ ಅಡಿಕೆಗೂ ಕೈ ಹಾಕಿ ಎಳೆದುಕೊಂಡನೋ, ಅದು ಪೂರ್ತಿ ಕಳ್ಳತನ. 5,000 ರೂಪಾಯಿಗಿಂತ ಕಡಿಮೆಯ ಮಾಲು, ಮೊದಲ ಸಲದ ತಪ್ಪು, ಮಾಲನ್ನೋ ಅದರ ಬೆಲೆಯನ್ನೋ ವಾಪಸ್ಸು ಕೊಟ್ಟರೆ ಹೊಸ ಕಾನೂನಿನಲ್ಲಿ ಸಮುದಾಯ ಸೇವೆ. ಎಲೆ ಅಡಿಕೆ ಅಗಿದು ಉಗಿದಿದ್ದರೂ ಬೆಲೆ ಕೊಟ್ಟರೆ ಸಾಕು ಅಂತಾಯಿತು.

ಅಷ್ಟರಲ್ಲಿ ಒಳಗಿಂದ ಅಕ್ಕ "ಹುಳುವಿಗೆ ಸೊಪ್ಪು ಹಾಕುವವರು ಯಾರು?" ಅಂತ ಕೂಗಿದಳು. ಭಾವ ಕೋಟು ಕಳಚಿ ಎದ್ದರು. ಮಾತು ಮುಗಿದಿಲ್ಲ, ನಾಳೆ ಸಂಜೆಯೂ ಕೂರುತ್ತೇವೆ. ಐದನೆಯವರಾಗಿ ನೀವೂ ಬರುವುದಾದರೆ ಬನ್ನಿ, ಆದರೆ ಖಾರದ ಪುಡಿ ತರಬೇಡಿ.